ಲೈನುಗಳ ನಡುವಿನ ಅಮೆರಿಕ

ಮೊನ್ನೆ ಗಾಳಿಗೆ ಸಿಲ್ವರ್ ಮರದ ಕೊಂಬೆಯೊಂದು ತಂತಿಯ ಮೇಲೆ ಬಿದ್ದು ನಮ್ಮ ಮನೆಗೆ ಕರೆಂಟು ಹೋಗಿತ್ತು. ಕಂಬ ಹತ್ತಿದ್ದ ಲೈನ್‌ಮ್ಯಾನ್ ಅಲ್ಲಿಂದಲೇ ಕೂಗಿದ, "ಮೇಡಂ, ಲೈನ್ ಬಂತಾ ನೋಡಿ!"

ನಾನು ಒಳಗೆ ಹೋಗಿ ಸ್ವಿಚ್ ಹಾಕಿ ನೋಡಬೇಕಿತ್ತು. ಅದು ಬಿಟ್ಟು ಅಂಗಳದಲ್ಲೇ ನಿಂತು ನಗತೊಡಗಿದೆ. ಪಾಪ, ಅವನು ಮೇಲೆ ಕಂಬ ಅಪ್ಪಿಕೊಂಡು ಕಾಯುತ್ತಿದ್ದಾನೆ, ಕೆಳಗೆ ಐವತ್ತು ದಾಟಿದ ಹೆಂಗಸೊಬ್ಬಳು ಒಬ್ಬಳೇ ನಗುತ್ತಿದ್ದಾಳೆ. ಕೊನೆಗೆ ನನ್ನ ಯಜಮಾನರೇ ದೀಪ ಹಾಕಿ ನೋಡಿ "ಬಂತು, ಬಂತು" ಎಂದು ಅವನಿಗೆ ಉತ್ತರ ಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಮ್ಮ ಮನೆಮಾತಾದ ಅರೆಭಾಷೆಯಲ್ಲಿ, "ನಿಂಗೆ ಎಂಥ ಆತ್?" ಅಂದರು.

ನನಗೆ ಏನಾಗಿದೆ ಎಂದು ಅವರಿಗೆ ವಿವರಿಸಲು ಹೋದರೆ ಹಾಲು ಉಕ್ಕಿ ಹೋಗುತ್ತದೆ. ನಿಮಗಾದರೆ ಬಿಡುವಿದೆ, ಅದಕ್ಕೇ ಓದುತ್ತಿದ್ದೀರಿ. ನಮ್ಮ ಕೊಡಗಿನಲ್ಲಿ ಲೈನ್ ಎನ್ನುವ ಒಂದು ಪದ ಮಾಡುವಷ್ಟು ಕೆಲಸವನ್ನು ಬೇರೆ ಯಾವ ಪದವೂ ಮಾಡುವುದಿಲ್ಲ. ಕರೆಂಟು ಬಂದರೆ ಲೈನ್ ಬಂತು. ಫೋನು ಸಿಗದಿದ್ದರೆ ಲೈನ್ ಸಿಗುತ್ತಿಲ್ಲ. ರೇಷನ್ ಅಂಗಡಿಯಲ್ಲಿ ನಿಂತರೆ ಲೈನು. ಹುಡುಗ ಹುಡುಗಿಯ ಹಿಂದೆ ಸುತ್ತಿದರೆ ಅದೂ ಲೈನು, ಹೊಡೆಯುವ ಲೈನು. ಇವೆಲ್ಲಕ್ಕಿಂತ ಮೊದಲು ನಮಗೆ ಲೈನ್ ಎಂದರೆ ಎಸ್ಟೇಟಿನ ಕೆಲಸಗಾರರ ಸಾಲುಮನೆ. ಒಂದೇ ಮಾಡು, ಒಂದೇ ಗೋಡೆ, ಸಾಲಾಗಿ ಬಾಗಿಲುಗಳು. "ಅವರು ಲೈನಲ್ಲಿರುವವರು" ಎಂದರೆ ಸಾಕು, ಎಲ್ಲಿ, ಯಾರು, ಹೇಗೆ ಎಂದು ಮತ್ತೆ ಯಾರೂ ಕೇಳುವುದಿಲ್ಲ. ಈ ಪದ ನನ್ನ ಪಾಲಿಗೆ ಒಂದು ಉಪಕಾರ ಮಾಡಿತು, ಒಂದು ಅಪಕಾರವನ್ನೂ ಮಾಡಿತು.

ನಾನು ಕಾಲೇಜಿನಲ್ಲಿ ಅಮೆರಿಕನ್ ಸಾಹಿತ್ಯ ಕಲಿಸುತ್ತಿದ್ದವಳು. ಹೀಗೆ ಹೇಳಿದ ಕೂಡಲೇ ಕೇಳಿದವರು ನನ್ನ ಸೀರೆ, ಚಪ್ಪಲಿ ಎಲ್ಲ ಒಮ್ಮೆ ನೋಡುತ್ತಾರೆ, ಇವಳು ಅಲ್ಲಿಗೆ ಹೋಗಿ ಬಂದಿರಬಹುದೇ ಎಂದು. ಇಲ್ಲ. ನಾನು ಹುಟ್ಟಿದ್ದು ಕರಿಕೆಯಲ್ಲಿ. ಅಲ್ಲಿಂದ ಹೊರಗೆ ಹೋಗಲು ಕೇರಳದ ದಾರಿಯೇ ಸುಲಭ. ನಾನು ಮೊದಲು ಕಂಡ ಅಮೆರಿಕ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ಬಡಿಸುತ್ತಿದ್ದ ಹಳದಿ ಉಪ್ಪಿಟ್ಟು. ಆ ಗೋಧಿಯೂ ಎಣ್ಣೆಯೂ ಅಮೆರಿಕದಿಂದ ಬಂದದ್ದು ಎಂದು ಮೇಷ್ಟ್ರು ಹೇಳಿದ್ದರು. ಅದಕ್ಕೆ ಒಂದು ವಾಸನೆ ಇತ್ತು, ಕೆಟ್ಟದ್ದೂ ಅಲ್ಲ ಒಳ್ಳೆಯದೂ ಅಲ್ಲ. ನನ್ನ ಅಣ್ಣ ಮನೆಗೆ ಬಂದು ಕೈ ಮೂಸಿ ನೋಡಿ "ಅಮೆರಿಕ ಇನ್ನೂ ಉಟ್ಟು" ಅನ್ನುತ್ತಿದ್ದ, ಅಂದರೆ ಇನ್ನೂ ಉಂಟು ಎಂದು. ಮುಂದೆ ಎಂ.ಎ. ಓದುವಾಗ ದೊಡ್ಡ ದೊಡ್ಡ ಅಮೆರಿಕನ್ ಕಾದಂಬರಿಗಳ ನಡುವೆ ಕೂತರೂ ನನ್ನ ಮೂಗಿಗೆ ಆ ಉಪ್ಪಿಟ್ಟೇ ಬರುತ್ತಿತ್ತು. ಇದನ್ನು ನನ್ನ ಪ್ರೊಫೆಸರ್ ಮುಂದೆ ಯಾವತ್ತೂ ಬಾಯಿಬಿಡಲಿಲ್ಲ.

ಕೆಲಸ ಸಿಕ್ಕಿದ್ದು ಸಿದ್ದಾಪುರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ, ಅತಿಥಿ ಉಪನ್ಯಾಸಕಿಯಾಗಿ. ಈ ಅತಿಥಿ ಎಂಬ ಪದ ಇಟ್ಟವರಿಗೆ ನಗುವ ಸ್ವಭಾವ ಇದ್ದಿರಬೇಕು. ತಲೆಕೂದಲು ಕಪ್ಪಿದ್ದಾಗ ಅತಿಥಿಯಾಗಿ ಹೋದವಳು ಬೆಳ್ಳಗಾದ ಮೇಲೂ ಅತಿಥಿಯೇ. ಊಟದ ಡಬ್ಬಿ ನಾನೇ ಕಟ್ಟಿಕೊಂಡು ಹೋಗಬೇಕು, ಬಸ್ಸಿನ ಖರ್ಚು ನನ್ನದೇ, ಪ್ರತಿ ವರ್ಷ ಬೇಸಿಗೆಯಲ್ಲಿ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಕಾಯಬೇಕು. ಇಂಥ ಅತಿಥಿ ನಿಮ್ಮ ಮನೆಗೆ ಬಂದಿದ್ದರೆ ನೀವೇ ನಾಚಿಕೊಳ್ಳುತ್ತಿದ್ದಿರಿ. ವಿರಾಜಪೇಟೆಯಿಂದ ಬೆಳಗಿನ ಬಸ್ಸು ಹತ್ತಿ, ಅರ್ಧ ನಿದ್ದೆಯಲ್ಲಿ ತೂಗುತ್ತಾ ಹೋಗಿ, ಪಾಠ ಮಾಡಿ, ಮತ್ತೆ ತೂಗುತ್ತಾ ಬರುವುದು. ದಣಿವು ಎನ್ನುವುದು ನನಗೆ ಒಂದು ಕಾಯಿಲೆಯಾಗಿ ಬರಲಿಲ್ಲ. ಕನ್ನಡಕ ಬಂದ ಹಾಗೆ ಬಂದು ಅಲ್ಲೇ ಕೂತುಬಿಟ್ಟಿತು.

ಅತಿಥಿಗೆ ಕೆಲಸ ಉಳಿಯುವುದು ಪಾಠದ ಗಂಟೆಗಳ ಲೆಕ್ಕದಲ್ಲಿ. ನನ್ನ ಗಂಟೆಗಳು ನಿಂತಿದ್ದದ್ದು ಅಮೆರಿಕದ ಮೇಲೆ. ಅದು ಐಚ್ಛಿಕ ಪೇಪರು, ಅಂದರೆ ಮಕ್ಕಳು ಹೆಸರು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಎದುರು ಸಾಲಿನಲ್ಲಿ ಕೆಲಸ ಕೊಡಿಸುವ ಭರವಸೆಯ ಇನ್ನೊಂದು ಪೇಪರು ಬಂದು ಕೂತ ಮೇಲೆ ಅಮೆರಿಕಕ್ಕೆ ಹೆಸರು ಕೊಡುವವರು ವರ್ಷದಿಂದ ವರ್ಷಕ್ಕೆ ಕರಗುತ್ತಾ ಬಂದರು. ಕಳೆದ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದರು. ಅವರ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದವರು. ಮಾತು ಇನ್ನೂ ಹಾಸನದ್ದೇ.

"ಏನ್ ಮಾಡಣ ಹೇಳಿ ಮೇಡಂ. ಮುಂದಿನ ಸಲಕ್ಕೆ ಹುಡುಗ್ರು ಸೇರಲಿಲ್ಲ ಅಂದ್ರೆ ಅಮೆರಿಕ ಬಾಗ್ಲು ಹಾಕದೇಯ. ಏನಾದ್ರೂ ಆಕ್ಟಿವಿಟಿ ಗೀಕ್ಟಿವಿಟಿ ಮಾಡ್ಸಿ, ಹುಡುಗ್ರಿಗೆ ಖುಷಿಯಾಗ್ಲಿ."

ಅವರು ಒಳ್ಳೆಯ ಮನುಷ್ಯ. ಅಮೆರಿಕ ಮುಚ್ಚಿದರೆ ನಾನೂ ಇಲ್ಲ ಎನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಂಜೆ ಮನೆಯಲ್ಲಿ ವಿಷಯ ತಿಳಿಸಿದೆ. ಮರುದಿನದಿಂದ ನಮ್ಮ ಯಜಮಾನರು ಕಾಳುಮೆಣಸಿನ ಬಳ್ಳಿಯ ಸಮಾಚಾರ ಹೇಳುವ ಧಾಟಿಯಲ್ಲೇ ಪ್ರತಿ ಸಂಜೆ ಕೇಳತೊಡಗಿದರು, "ಅಮೆರಿಕ ಉಟ್ಟಾ, ಹೋತಾ?"

ಆಕ್ಟಿವಿಟಿಗಳ ಬಗ್ಗೆ ನಾನು ಒಂದು ತರಬೇತಿಗೆ ಹೋಗಿದ್ದೆ. ಮಕ್ಕಳನ್ನು ವೃತ್ತಾಕಾರವಾಗಿ ಕೂರಿಸಿ ಓದಿಸಿರಿ ಎಂದು ಅಲ್ಲಿ ಹೇಳಿದ್ದರು. ನಮ್ಮ ಬೆಂಚುಗಳನ್ನು ಯಾರೋ ಮುಂದಾಲೋಚನೆಯುಳ್ಳವರು ನೆಲಕ್ಕೇ ಬೋಲ್ಟು ಹಾಕಿ ಬಿಗಿದಿದ್ದಾರೆ. ವೃತ್ತ ಮಾಡಲು ಹೋಗಿ ಮಕ್ಕಳೆಲ್ಲ ಬೆಂಚುಗಳ ಹೊರಗೆ ಗೋಡೆಗೆ ಒರಗಿ ನಿಂತರು, ನಡುವಿನ ಖಾಲಿ ಬೆಂಚುಗಳಿಗೆ ನಾನು ಪಾಠ ಮಾಡಿದೆ. ಗಟ್ಟಿಯಾಗಿ ಓದಿಸಿದೆ. ಒಂದು ವಾಕ್ಯ ಮಲಯಾಳದ ಧಾಟಿಯಲ್ಲಿ, ಮುಂದಿನದು ತಮಿಳಿನಲ್ಲಿ, ಅದರ ಮುಂದಿನದು ಕೊಡವ ತಕ್ಕಿನ ಎಳೆತದಲ್ಲಿ ಬಂತು. ಅಮೆರಿಕದವರು ಕೇಳಿದ್ದರೆ ಇದು ಯಾವ ದೇಶದ ಕಥೆ ಎಂದು ಆಸಕ್ತಿಯಿಂದ ಕೇಳುತ್ತಿದ್ದರೋ ಏನೋ.

ಆಮೇಲೆ ಪಾತ್ರವಾಗಿ ಕುರ್ಚಿಯಲ್ಲಿ ಕೂರುವ ಆಟ. ಪಠ್ಯದಲ್ಲಿ ಹತ್ತಿ ತೋಟದ ಒಂದು ಕಥೆ ಇತ್ತು. ಅದರ ಹೆಸರು ಬೇಡ, ಹೆಸರು ಹೇಳಿದ ಕೂಡಲೇ ನನಗೆ ಪ್ರಶ್ನೆಪತ್ರಿಕೆ ನೆನಪಾಗುತ್ತದೆ. ತೋಟದ ಯಜಮಾನನಾಗಿ ಬೋಪಣ್ಣ ಕೂತ. ನಿಜವಾಗಿಯೂ ಕಾಫಿ ಬೆಳೆಗಾರರ ಮನೆಯ ಹುಡುಗ, ಕಾಲ ಮೇಲೆ ಕಾಲು ತಾನಾಗಿಯೇ ಬಂತು. ಉಳಿದವರು ಪ್ರಶ್ನೆ ಕೇಳಬೇಕು. "ನೀವು ಯಾಕೆ ಕೂಲಿಯವರನ್ನ ಹಾಗೆ ನೋಡ್ತೀರಿ?" ಎಂದು ಯಾರೋ ಕೇಳಿದರು. ಬೋಪಣ್ಣ ನಿಟ್ಟುಸಿರು ಬಿಟ್ಟು, "ನಿಮಗೆ ಎಂಥ ಗೊತ್ತು? ಈಗ ಲೇಬರ್ ಸಿಗೋದೇ ಇಲ್ಲ. ಸಿಕ್ಕಿದ್ರೂ ಆನೆ ಕಾಟ" ಅಂದ. ಅಮೆರಿಕದ ಹತ್ತಿ ತೋಟಕ್ಕೆ ಕಾಡಾನೆ ನುಗ್ಗಿದ ಆ ಗಳಿಗೆಯಲ್ಲಿ ನಾನು ಕೂತುಬಿಟ್ಟೆ. ಬೈಯಲೂ ಶಕ್ತಿ ಇರಲಿಲ್ಲ.

ಬರೆಯುವ ಆಕ್ಟಿವಿಟಿ ಇನ್ನೂ ಸುಲಭವಾಗಿ ಸೋತಿತು. ಪೇಟೆಯ ಕಡೆಯ ಮಕ್ಕಳೆಲ್ಲ ಮೊಬೈಲಿಗೆ ಪ್ರಶ್ನೆ ಕೇಳಿ ಅದು ಹೇಳಿದ್ದನ್ನು ಇಳಿಸಿಕೊಂಡು ಬರುತ್ತಿದ್ದರು. ಎಲ್ಲರ ಉತ್ತರವೂ ಒಂದೇ, ತಪ್ಪಿಲ್ಲದ ಇಂಗ್ಲಿಷು, ಇಸ್ತ್ರಿ ಮಾಡಿದ ಹಾಗೆ. ಲೈನಿನ ಮಕ್ಕಳು ಮಾತ್ರ ಸ್ವಂತ ಬರೆಯುತ್ತಿದ್ದರು. ಅವರದು ಪ್ರಾಮಾಣಿಕತೆ ಎಂದು ನಾನು ಹೇಳಿದರೆ ಅವರೇ ನಗುತ್ತಾರೆ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮುತ್ತುಲಕ್ಷ್ಮಿ ಆ ಗುಂಪಿನವಳು. ಮನೆಯಲ್ಲಿ ತಮಿಳು, ಪಿಕಿಂಗ್ ಸಮಯದಲ್ಲಿ ಕಾಫಿ ಹಣ್ಣು ಕೊಯ್ಯಲು ಅಮ್ಮನ ಜೊತೆ ಹೋಗುವುದರಿಂದ ಹಾಜರಿ ಯಾವಾಗಲೂ ಕಡಿಮೆ, ಕೊನೆಯ ಬೆಂಚು, ಮಾತಿಲ್ಲ. ಒಮ್ಮೆ ಅವಳು "ಈ ಕಥೆಯ ರೈಟರ್ ತುಂಬಾ ಕೆಟ್ಟವನು" ಎಂದು ಬರೆದಿದ್ದಳು. ಓಹೋ, ಲೇಖಕನನ್ನೇ ಪ್ರಶ್ನಿಸುವಷ್ಟು ವಿಮರ್ಶೆ ಬೆಳೆಯಿತಲ್ಲ ಎಂದು ನಾನು ಹಿಗ್ಗಿ ದೊಡ್ಡ ಸರಿ ಚಿಹ್ನೆ ಹಾಕಿದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಎಸ್ಟೇಟಿನಲ್ಲಿ ರೈಟರ್ ಎಂದರೆ ಹಾಜರಿ ಬರೆದು ಕೊಯ್ಲು ತೂಗುವ ಗುಮಾಸ್ತ. ಅವಳು ಬೈದದ್ದು ಹತ್ತಿ ತೋಟದ ಗುಮಾಸ್ತನನ್ನು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಆ ಹತ್ತಿ ತೋಟದ ಕಥೆಯಲ್ಲಿ ಒಂದು ಜಾಗ ಇದೆ. ಸಾಲಾಗಿ ಕೂಲಿಯವರ ಗುಡಿಸಲುಗಳು, ನಡುವೆ ಒಂದು ಬಾವಿ. ಸಂಜೆ ಹೆಂಗಸರು ಬಟ್ಟೆ ಒಗೆಯುತ್ತಾ ನಗುತ್ತಿರುತ್ತಾರೆ. ಯಜಮಾನನ ಹೆಂಡತಿ ಬಂದು ಏನು ನಗುತ್ತಿದ್ದಿರಿ ಎಂದು ಕೇಳುತ್ತಾಳೆ. ಮಳೆ ಬರುವ ಹಾಗಿದೆ ಎಂದು ಮಾತಾಡುತ್ತಿದ್ದೆವು ಅಮ್ಮಾ ಎನ್ನುತ್ತಾಳೆ ಒಬ್ಬಳು. ಪ್ಯಾರಾ ಮುಗಿಯಿತು. ನನಗೆ ಇಷ್ಟವಾದ ಜಾಗ. ಹೇಳದೆ ಬಿಟ್ಟದ್ದನ್ನು ಹಿಡಿಯಲು ಮಕ್ಕಳಿಗೆ ಕಲಿಸಬೇಕು ಎಂದು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ, "ವಾಟ್ ಡು ಯು ಫೈಂಡ್ ಬಿಟ್ವೀನ್ ದ ಲೈನ್ಸ್?" ಸಾಲುಗಳ ನಡುವೆ ನಿಮಗೆ ಏನು ಕಾಣುತ್ತದೆ, ಒಂದು ಪುಟ ಬರೆದು ತನ್ನಿ. ನನಗೆ ಆ ಹೊತ್ತು ತಲೆನೋವು. ವಿವರಿಸದೆ ಚೀಲ ಎತ್ತಿಕೊಂಡು ಹೊರಟೆ.

ಪುಟಗಳು ಬಂದವು. ಪೇಟೆಯವರದು ಅದೇ ಇಸ್ತ್ರಿ ಮಾಡಿದ್ದು. ಲೈನಿನವರೆಲ್ಲ, ಒಬ್ಬರೂ ತಪ್ಪದೆ, ಲೈನುಗಳ ನಡುವೆ ಏನುಂಟು ಎಂದು ಬರೆದಿದ್ದರು. ಎರಡು ಸಾಲುಮನೆಗಳ ನಡುವಿನ ಚರಂಡಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ನಡೆಯುವ ಜಗಳ. ಯಾರದ್ದೋ ಕೋಳಿ ಯಾರದ್ದೋ ಒಲೆಯ ಬೂದಿಯಲ್ಲಿ ಮೊಟ್ಟೆಯಿಟ್ಟ ಪ್ರಕರಣ. ಬಸ್ಸಿನಲ್ಲಿ ಓದುತ್ತಾ ಮೊದಲು ನಕ್ಕೆ, ಆಮೇಲೆ ತಪ್ಪು ಗುರುತಿಸಲು ಪೆನ್ನು ತೆಗೆದೆ, ಆಮೇಲೆ ಪೆನ್ನು ಮುಚ್ಚಿ ಓದಿದೆ. ಇಷ್ಟು ವರ್ಷ ಮಕ್ಕಳು ಬರೆದದ್ದನ್ನು ನಾನು ತಿದ್ದಿದ್ದೇನೆ, ಓದಿದ್ದು ಕಡಿಮೆ.

ಮರುದಿನ ಮುತ್ತುಲಕ್ಷ್ಮಿಯನ್ನು ಎಬ್ಬಿಸಿ ಓದಲು ಹೇಳಿದೆ. ಅವಳ ಇಂಗ್ಲಿಷು ಎಡವುತ್ತಿತ್ತು. ತಾತ್ಪರ್ಯ ಹೀಗೆ. ಲೈನುಗಳ ನಡುವೆ ನಮಗೆ ಒಂದು ನಲ್ಲಿ ಉಂಟು. ಮನೆಯೊಳಗೆ ಮಾತಾಡಿದರೆ ಗೋಡೆಯ ಆಚೆಯವರಿಗೆ ಕೇಳುತ್ತದೆ, ತೋಟದಲ್ಲಿ ಮಾತಾಡಿದರೆ ರೈಟರಿಗೆ ಕೇಳುತ್ತದೆ. ನಲ್ಲಿಯಲ್ಲಿ ನೀರು ಬೀಳುವ ಸದ್ದು ಇರುತ್ತದೆ, ಹಾಗಾಗಿ ಅಮ್ಮ ಅಳುವುದೂ ನಗುವುದೂ ಅಲ್ಲೇ.

ಬೋಪಣ್ಣ ತಡೆಯಲಾರದೆ ನಕ್ಕ. "ಮಿಸ್, ಲೈನ್ ಅಂದ್ರೆ ಲೈನ್ ಮನೆ ಅಲ್ಲ! ಪುಸ್ತಕದ ಲೈನ್!" ತರಗತಿಯೆಲ್ಲ ನಕ್ಕಿತು. ಮುತ್ತುಲಕ್ಷ್ಮಿ ಹಾಳೆಯನ್ನು ಮಡಚಿದಳು, ಮತ್ತೆ ಮಡಚಿದಳು, ಕೈಯೊಳಗೆ ಮರೆಯಾಗುವಷ್ಟು ಸಣ್ಣದು ಮಾಡಿದಳು.

ಬೇರೆ ದಿನವಾಗಿದ್ದರೆ ನಾನು ಸರಿ ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆ. ಅವತ್ತು ಅವಳ ಮುಖ ನೋಡಿದ ಮೇಲೆ ಮುಂದೆ ಹೋಗಲಿಲ್ಲ. "ಬೋಪಣ್ಣ ಹೇಳಿದ್ದು ಸರಿ, ಅದು ಪುಸ್ತಕದ ಲೈನೇ," ಎಂದೆ. "ಈಗ ಕಥೆ ತೆಗೀರಿ. ಮುತ್ತುಲಕ್ಷ್ಮಿ, ಆ ಬಾವಿ ಹತ್ತಿರ ಅವರು ಏನು ಮಾತಾಡ್ತಾ ಇದ್ರು?"

ಅವಳು ನೆಲ ನೋಡುತ್ತಾ ಹೇಳಿದಳು, "ಮಳೆ ಬಗ್ಗೆ ಅಲ್ಲ ಮಿಸ್."

"ಮತ್ತೆ?"

"ಆ ಅಮ್ಮನ ಬಗ್ಗೆಯೇ. ಅವರು ಬಂದ್ರಲ್ಲ, ಅದಕ್ಕೆ ಮಳೆ ಅಂದದ್ದು. ನಮ್ಮಲ್ಲಿ ರೈಟರ್ ಬಂದ್ರೆ ಹಾಗೇ ಹೇಳ್ಲಿಕ್ಕೆ."

"ಅದು ಹೇಗೆ ಹೇಳ್ತೀ? ಅವ್ರು ನಿಜವಾಗಿ ಮಳೆ ಬಗ್ಗೆಯೇ ಮಾತಾಡಿರಬಹುದಲ್ಲ?" ಬೋಪಣ್ಣ ಕೇಳಿದ. ಈ ಸಲ ನಗುತ್ತಿರಲಿಲ್ಲ.

"ಮಳೆಗೆ ಯಾರು ಅಷ್ಟು ನಗ್ತಾರೆ?" ಅಂದಳು ಅವಳು.

ಹಿಂದಿನ ಬೆಂಚಿನಿಂದ ಇನ್ನೊಬ್ಬಳು ಸೇರಿಕೊಂಡಳು. ಯಜಮಾನನ ಹೆಂಡತಿಗೂ ಅದು ಸುಳ್ಳೆಂದು ಗೊತ್ತಿತ್ತು, ಗೊತ್ತಿದ್ದೇ ಸುಮ್ಮನಾದಳು ಎಂದಳು. ಬೋಪಣ್ಣ ಒಪ್ಪಲಿಲ್ಲ. ಗೊತ್ತಿದ್ದರೆ ಬಿಡುತ್ತಿರಲಿಲ್ಲ ಎಂದು ವಾದಕ್ಕೆ ನಿಂತ, ಅವನ ಮನೆಯ ಅಜ್ಜಿಯನ್ನೇ ಸಾಕ್ಷಿಗೆ ಕರೆದ. ಕನ್ನಡ, ತಮಿಳು, ಇಂಗ್ಲಿಷು ಎಲ್ಲ ಸೇರಿ ಗಲಾಟೆಯೋ ಗಲಾಟೆ. ಪಕ್ಕದ ಕೋಣೆಯ ವಾಣಿಜ್ಯದವರು ಬಂದು ಬಾಗಿಲು ಮುಚ್ಚಿಕೊಂಡು ಹೋದರು. ನಾನು ಆ ಗಲಾಟೆಯಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಬಹಳ ವರ್ಷಗಳ ಮೇಲೆ ಕಾಲುನೋವು ಮರೆತಿತ್ತು. ಸಂತೋಷವಾಯಿತು ಎಂದು ನೇರವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಅದು ದಿನಾ ಬರುವ ಸಂಗತಿಯಲ್ಲ.

ಆಮೇಲಿನ ವಾರಗಳಲ್ಲಿ ಪಾಠ ಹಾಗೇ ನಡೆಯಿತು. ಎಲ್ಲ ದಿನವೂ ಅಲ್ಲ. ಪಿಕಿಂಗ್ ಶುರುವಾದಾಗ ಅರ್ಧ ಬೆಂಚು ಖಾಲಿಯಾಯಿತು, ಬಂದವರೂ ತೂಕಡಿಸಿದರು, ನಾನೂ ಅವರೊಂದಿಗೆ ತೂಕಡಿಸಿದೆ. ಆದರೂ ಮುಂದಿನ ವರ್ಷದ ಪೇಪರಿಗೆ ಹೆಸರು ಕೊಡುವ ದಿನ ಬಂದಾಗ ಲೈನಿನ ಮಕ್ಕಳೆಲ್ಲ ಅಮೆರಿಕಕ್ಕೇ ಕೊಟ್ಟರು. ಮುತ್ತುಲಕ್ಷ್ಮಿ ಒಬ್ಬೊಬ್ಬರ ಬೆನ್ನು ಹತ್ತಿ ಕೊಡಿಸಿದಳಂತೆ. ಬೋಪಣ್ಣನೂ ಕೊಟ್ಟ, ವಾದ ಬಾಕಿ ಉಂಟು ಎಂದು ಕಾರಣ ಹೇಳಿದ. ಮನೆಗೆ ಬಂದು ಯಜಮಾನರು ಕೇಳುವ ಮೊದಲೇ "ಅಮೆರಿಕ ಉಟ್ಟು!" ಎಂದೆ. ಅವರು ಅವತ್ತು ತಾವೇ ಕಾಫಿ ಮಾಡಿಕೊಟ್ಟರು, ಸಕ್ಕರೆ ಹಾಕಲು ಮರೆತು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಪ್ರಿನ್ಸಿಪಾಲರು ಬರಹೇಳಿದರು. ಎದುರಿಗೆ ಕೂರಿಸಿ ನೀರು ಕೊಟ್ಟಾಗಲೇ ನನಗೆ ಸಂಶಯ ಬಂತು, ಅವರು ಯಾವತ್ತೂ ನೀರು ಕೊಡುವವರಲ್ಲ.

"ಮೇಡಂ, ಹೆಂಗ್ ಹೇಳದು ಅಂತ ಗೊತ್ತಾಯ್ತಿಲ್ಲ. ಇಂಗ್ಲಿಷ್‌ನಲ್ಲಿ ಈ ಸಲ ವರ್ಕ್‌ಲೋಡ್ ಚೆನ್ನಾಗ್ ಐತೆ ಅಂತ ಮೇಲಿನವ್ರು ನೋಡವ್ರೆ. ಪರ್ಮನೆಂಟ್ ಒಬ್ರನ್ನ ವರ್ಗ ಮಾಡಿ ಹಾಕವ್ರೆ. ಚಿಕ್ಕ ವಯಸ್ಸಿನವ್ರು, ಒಳ್ಳೆಯವ್ರಂತೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಗಂಟೆ ಇಲ್ಲದಿದ್ದರೆ ಅತಿಥಿ ಬೇಡ. ಗಂಟೆ ತುಂಬಿದರೆ ಮನೆಯವರೇ ಬರುತ್ತಾರೆ, ಆಗಲೂ ಅತಿಥಿ ಬೇಡ. ಅಮೆರಿಕವನ್ನು ನಾನು ಎಷ್ಟು ಚೆನ್ನಾಗಿ ಉಳಿಸಿದ್ದೆನೆಂದರೆ ಅದರಲ್ಲಿ ನನಗೇ ಜಾಗ ಉಳಿದಿರಲಿಲ್ಲ. ಪ್ರಿನ್ಸಿಪಾಲರ ಕಣ್ಣಿನಲ್ಲಿ ನೀರಿತ್ತು. ಅವರನ್ನು ನಾನೇ ಸಮಾಧಾನ ಮಾಡಿದೆ. ಮೇಜಿನ ಡ್ರಾಯರಿನಲ್ಲಿದ್ದ ನನ್ನ ಚಮಚ, ಶಾಲು, ತಲೆನೋವಿನ ಮುಲಾಮು ತೆಗೆದುಕೊಂಡು ಹೊರಟೆ.

ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಮುತ್ತುಲಕ್ಷ್ಮಿ ಸಿಕ್ಕಿದಳು. ತರಕಾರಿಯ ಚೀಲ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು.

"ಮಿಸ್, ಹೊಸ ಸರ್ ಬರ್ತಾರಂತೆ, ಹೌದಾ?"

"ಹೌದು."

"ಹಾಗಾದ್ರೆ ನೀವು?"

"ನಾನು ಮನೆಯಲ್ಲಿ ಬೆಳಿಗ್ಗೆ ನಿಧಾನಕ್ಕೆ ಏಳ್ತೇನೆ."

ಅವಳು ನಗಲಿಲ್ಲ. "ನಾವು ಹೆಸರು ಕೊಟ್ಟದ್ದಕ್ಕೇ ಅಲ್ವಾ ಮಿಸ್ ಅವರು ಬರೋದು? ಆಫೀಸಲ್ಲಿ ಹೇಳಿದ್ರು. ನಾನೇ ಎಲ್ರ ಹತ್ರ ಕೊಡಿಸಿದ್ದು." ಚೀಲವನ್ನು ಇನ್ನೊಂದು ಕೈಗೆ ದಾಟಿಸಿದಳು. "ಈಗ್ಲೂ ಪೇಪರ್ ಬದಲಾಯಿಸ್ಲಿಕ್ಕೆ ಆಗ್ತದಂತೆ. ನಾನು ಲೈನಲ್ಲಿ ಎಲ್ರಿಗೂ ಹೇಳ್ತೇನೆ. ನಾವೆಲ್ಲ ಹೆಸರು ತೆಗೆದ್ರೆ ಪೇಪರ್ ಇಲ್ಲ. ಪೇಪರ್ ಇಲ್ಲದಿದ್ರೆ ಆ ಸರ್‌ಗೂ ಇಲ್ಲಿ ಕೆಲಸ ಇಲ್ಲ."

ಆ ಮಾತು ನನಗೆ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಒಂದು ಗಳಿಗೆ ಅದನ್ನು ಬಾಯೊಳಗೆ ಬೆಲ್ಲದಂತೆ ಇಟ್ಟುಕೊಂಡೆ. ನನ್ನದಲ್ಲದ ಮೇಲೆ ಯಾರದ್ದೂ ಬೇಡ. ಮುಚ್ಚಲಿ. ಆಮೇಲೆ ಎಲ್ಲಿಂದ ಬಂತೋ, ಅಷ್ಟು ವರ್ಷದ ಸಿಟ್ಟೆಲ್ಲ ಒಟ್ಟಾಗಿ ಬಂತು.

"ತೆಗೆದ್ರೆ ನೋಡು!" ಎಂದೆ. ಬಸ್‌ಸ್ಟ್ಯಾಂಡಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ. "ಅದು ನನ್ನ ಪೇಪರಲ್ಲ, ನಿನ್ನದು. ಯಾರಿಗೆ ಬೇಕಾಗಿ ಬಿಡ್ತೀ? ಆ ಸರ್ ಬಂದ ದಿನ ಮುಂದಿನ ಬೆಂಚಲ್ಲಿ ಕೂತ್ಕೊಳ್ಬೇಕು. ಅವರು ತಪ್ಪು ಅಂದ್ರೆ ಹಾಳೆ ಮಡಚ್ಲಿಕ್ಕೆ ಇಲ್ಲ. ಯಾಕೆ ತಪ್ಪು ಅಂತ ಕೇಳ್ಬೇಕು. ತಿಳೀತಾ?"

"ಸರಿ ಮಿಸ್," ಅಂದಳು. ಕಣ್ಣೀರು ಹನಿಯುತ್ತಿತ್ತು, ಒರೆಸಿಕೊಳ್ಳಲು ಚೀಲ ಕೆಳಗಿಡಬೇಕೆಂದೂ ಅವಳಿಗೆ ತೋಚಲಿಲ್ಲ.

ವಿರಾಜಪೇಟೆಯ ಬಸ್ಸು ಬಂತು. ಹತ್ತಿ, ಕಿಟಕಿಯ ಬದಿ ಜಾಗ ಹಿಡಿದು ಕೂತ ಮೇಲೆ ಹೊಳೆಯಿತು. ಈ ಹುಡುಗಿ ಬೆಳಿಗ್ಗೆಯಿಂದ ನನ್ನ ವಿದ್ಯಾರ್ಥಿನಿಯಲ್ಲ. ನಡುಬೀದಿಯಲ್ಲಿ ಹೀಗೆ ಗದರಿಸುವ ಅಧಿಕಾರ ನನಗೆ ಯಾರು ಕೊಟ್ಟರು? ತಿರುಗಿ ನೋಡಿದೆ. ಅವಳ ಹಿಂದಿನ ಬೆಂಚು ಖಾಲಿಯಿತ್ತು, ಕೈಯಲ್ಲಿ ಭಾರದ ಚೀಲ, ಕೂರಬಹುದಿತ್ತು. ಅವಳು ಕೂತಿರಲಿಲ್ಲ. ಪಾಠ ಮುಗಿಸಿದ ಮಿಸ್ ಬಾಗಿಲು ದಾಟುವವರೆಗೆ ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ ನೇರವಾಗಿ ನಿಂತಿದ್ದಳು, ಬಸ್ಸು ಹೊರಡುವವರೆಗೂ.